ಕೂಸಿನ ಕುರ್ಚಿ ಕೊಳ್ಳುವ ಮುನ್ನ ಉಣಿಸುವವರ ಮೊಣಕಾಲು ನೋಡಿ

ಮಗನಿಗೆ ಏಳು ತಿಂಗಳು ತುಂಬಿದ ವಾರದಲ್ಲೇ ಬೆಂಗಳೂರಿನ ಮೈದುನ ಒಂದು ದೊಡ್ಡ ರಟ್ಟಿನ ಡಬ್ಬಿ ಹೊತ್ತುಕೊಂಡು ಊರಿಗೆ ಬಂದ. ಬಿಚ್ಚಿ ನೋಡಿದರೆ ನಾಲ್ಕು ಉದ್ದನೆಯ ಕಾಲು, ಕಾಲಿಗೆ ಚಕ್ರ, ಮೇಲೆ ಮೆತ್ತನೆಯ ಆಸನ, ಮುಂದೊಂದು ತಟ್ಟೆ. ಹೈಚೇರ್ ಅಂತೆ. ಕೂಸು ಕೂತು ಉಣ್ಣುವ ಎತ್ತರದ ಕುರ್ಚಿ. ನಟ್ಟು ಬೋಲ್ಟು ಬಿಗಿದು ಪಡಸಾಲೆಯಲ್ಲಿ ನಿಲ್ಲಿಸಿದಾಗ ಅರ್ಧ ಓಣಿ ನೋಡಲು ಬಂದಿತ್ತು. ನಮ್ಮ ಅತ್ತೆ ಮಾತ್ರ ಕಂಬಕ್ಕೆ ಒರಗಿ ಕೂತಲ್ಲಿಂದಲೇ, "ಏನವಾ, ಕೂಸು ಕುರ್ಚಿ ಮ್ಯಾಲೆ, ನಾವು ನೆಲದ ಮ್ಯಾಲೆ. ಇನ್ನ ಮುಗಿಲ ನೋಡಕೋಂತ ಉಣಸಬೇಕೇನ?" ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದು ಬರೀ ನಗೆಮಾತಲ್ಲ ಅಂತ ತಿಳಿಯಲು ನನಗೆ ನಾಲ್ಕು ದಿನ ಬೇಕಾಯಿತು.

ನಮ್ಮದು ನವಲಗುಂದ ತಾಲ್ಲೂಕಿನ ಎರೆ ಸೀಮೆಯ ಹಳ್ಳಿ. ಹಳೆಯ ಮಾಳಿಗೆ ಮನೆ. ಹೊಸ್ತಿಲು ದಾಟಿದರೆ ತಗ್ಗಿನಲ್ಲಿ ದನ ಕಟ್ಟುವ ದಂದಕ್ಕಿ, ಅಲ್ಲಿಂದ ಎರಡೂವರೆ ಅಡಿ ಎತ್ತರಕ್ಕೆ ಪಡಸಾಲೆ. ಪಡಸಾಲೆಗೆ ಹಾಸಿದ್ದು ಫರಸಿ ಕಲ್ಲು. ತೊಳೆದ ನೀರು ಕೆಳಗೆ ಹರಿದು ಹೋಗಲಿ ಅಂತ ಹಿರಿಯರು ಅದಕ್ಕೊಂದು ಸಣ್ಣ ಇಳಿಜಾರು ಇಟ್ಟಿದ್ದಾರೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ, ಚಕ್ರಕ್ಕೆ ಕಾಣುತ್ತದೆ! ಅವತ್ತು ಮಗನನ್ನು ಕುರ್ಚಿಯಲ್ಲಿ ಕೂರಿಸಿ, ಗಂಜಿ ಆರಿತೇ ಅಂತ ನೋಡಲು ಅಡುಗೆಮನೆಗೆ ಹೋಗಿದ್ದೆ. ಚಕ್ರಕ್ಕೆ ಲಾಕ್ ಇತ್ತು, ನಾನು ಹಾಕಿರಲಿಲ್ಲ. ಎದುರಿಗಿದ್ದ ಕಂಬಕ್ಕೆ ಅವನು ಎರಡೂ ಕಾಲು ಕೊಟ್ಟು ಒದ್ದಿದ್ದಾನೆ. ಕುರ್ಚಿ ಹಿಂದಕ್ಕೆ ಉರುಳಿಕೊಂಡು ದಂದಕ್ಕಿಯ ಅಂಚಿಗೆ ಹೊರಟಿದೆ. ಅತ್ತೆ ಕೂತಲ್ಲೇ ಕಾಲು ಚಾಚಿ ತಡೆದರು. ಚಕ್ರ ಅವರ ಹೆಬ್ಬೆರಳ ಮೇಲೆ ಹತ್ತಿ ನಿಂತಿತು. ನಾನು ಓಡಿ ಬಂದಾಗ ಮಗ ಕೇಕೆ ಹಾಕಿ ನಗುತ್ತಿದ್ದ, ಅತ್ತೆ ಹಲ್ಲು ಕಚ್ಚಿಕೊಂಡು ಕೂತಿದ್ದರು.

ಅವರು ಒಂದು ಮಾತೂ ಬೈಯಲಿಲ್ಲ. "ಮೊದಲ ಕೂಸಿನ ಎತ್ತಕೋ" ಅಂದರು ಅಷ್ಟೇ. ಆ ಉಗುರು ಕಪ್ಪಾಗಿ, ಉದುರಿ, ಹೊಸದು ಬರುವ ತನಕ ದಿನಾ ಅದನ್ನು ನೋಡುವುದೇ ನನಗೆ ಶಿಕ್ಷೆಯಾಗಿತ್ತು.

ತಪ್ಪು ಮೈದುನನದಲ್ಲ. ಕುರ್ಚಿಯದೂ ಅಲ್ಲ. ಡೈನಿಂಗ್ ಟೇಬಲ್ ಇರುವ, ಸಪಾಟು ಟೈಲ್ಸ್ ಹಾಕಿದ ಮನೆಗೆಂದು ಮಾಡಿದ ವಸ್ತು ಅದು. ಆ ಮನೆಯಲ್ಲಿ ದೊಡ್ಡವರು ಕುರ್ಚಿಯ ಮೇಲೆ ಕೂರುತ್ತಾರೆ, ಕೂಸನ್ನೂ ಅದೇ ಮಟ್ಟಕ್ಕೆ ಏರಿಸುತ್ತಾರೆ. ನಾವು ನೆಲದ ಮೇಲೆ ಪಂಕ್ತಿ ಹಾಕಿ ಉಣ್ಣುವವರು. ನಮ್ಮ ನಡುವೆ ಆ ಕುರ್ಚಿ ನಿಂತರೆ ಕೂಸೊಂದು ಕಡೆ, ಮನೆಯವರೆಲ್ಲ ಒಂದು ಕಡೆ. ಉಣಿಸುವಾಕೆ ನಿಂತೇ ಉಣಿಸಬೇಕು. ಹೊಲದಿಂದ ಬಂದ ಹೆಣ್ಣುಮಗಳು, ರೊಟ್ಟಿ ಬಡಿದು ಎದ್ದ ಹೆಣ್ಣುಮಗಳು ಮುಕ್ಕಾಲು ತಾಸು ನಿಂತು ಉಣಿಸುವುದೆಂದರೆ ಸುಮ್ಮನೆ ಮಾತೇ? ಎರಡೇ ದಿನಕ್ಕೆ ಸೊಂಟ ಹಿಡಿಯುತ್ತದೆ, ಮೂರನೇ ದಿನ ಕುರ್ಚಿ ಅಟ್ಟ ಸೇರುತ್ತದೆ.

ಹಾಗಾದರೆ ಕೂಸಿಗೆ ಕುರ್ಚಿಯೇ ಬೇಡ, ನಮ್ಮ ಅವ್ವ ಅಜ್ಜಿಯರು ಕುರ್ಚಿ ಇಲ್ಲದೆ ಬೆಳೆಸಲಿಲ್ಲವೇ ಅನ್ನುತ್ತೀರಾ? ನಾನೂ ಸ್ವಲ್ಪ ದಿನ ಹಾಗೆಯೇ ವಾದಿಸಿದೆ. ಆದರೆ ಅವರು ಹೇಗೆ ಉಣಿಸುತ್ತಿದ್ದರು ಅನ್ನುವುದನ್ನೂ ನೆನಪು ಮಾಡಿಕೊಳ್ಳಬೇಕು. ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಒಂದು ಕೈಯಲ್ಲಿ ಅದರ ಕೈ ಅದುಮಿ ಹಿಡಿದು, ಒಳಲೆಯಲ್ಲಿ ಗಂಜಿ ಬಾಯಿಗೆ ಬಿಡುವುದು. ಕೂಸು ಅತ್ತರೆ ಬಾಯಿ ತೆರೆಯಿತು, ಇನ್ನೊಂದು ಗುಟುಕು. ನುಂಗದಿದ್ದರೆ ಮೂಗು ಹಿಡಿಯುವವರೂ ಇದ್ದರು. ಈಗಲೂ ಇದ್ದಾರೆ, ನಮ್ಮ ಓಣಿಯಲ್ಲೇ ನೋಡಿದ್ದೇನೆ. ಮಲಗಿಸಿ ಗಟ್ಟಿ ಆಹಾರ ಕೊಟ್ಟರೆ, ಅದೂ ಅಳುವಾಗ ಕೊಟ್ಟರೆ, ಅನ್ನನಾಳಕ್ಕೆ ಹೋಗಬೇಕಾದ್ದು ಶ್ವಾಸನಾಳಕ್ಕೆ ಹೋಗುತ್ತದೆ. ಕೂಸು ಕೆಮ್ಮಿ ಕೆಮ್ಮಿ ನೀಲಿಗಟ್ಟಿದ್ದನ್ನು ಒಮ್ಮೆ ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.

ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ಬೇರೇನೂ ಬೇಡ, ಆಮೇಲೆ ಎದೆಹಾಲಿನ ಜೊತೆಗೆ ಮೆತ್ತನೆಯ ಆಹಾರ ಅಂತ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ, ನಮ್ಮ ಅಂಗನವಾಡಿ ಟೀಚರೂ ಹೇಳುತ್ತಾರೆ. ಕೂಸಿನ ಕತ್ತು ನಿಂತಿರಬೇಕು, ಸ್ವಲ್ಪ ಆಸರೆ ಕೊಟ್ಟರೆ ಕೂರುವಂತಿರಬೇಕು. ಹಾಗೆ ನೆಟ್ಟಗೆ ಕೂತ ಕೂಸಿಗೆ ತಟ್ಟೆ ಕಾಣುತ್ತದೆ, ಉಣಿಸುವವರ ಮುಖ ಕಾಣುತ್ತದೆ. ಹಸಿವಿದ್ದರೆ ಮುಂದೆ ಬಾಗುತ್ತದೆ, ಸಾಕಾದರೆ ಮುಖ ತಿರುಗಿಸುತ್ತದೆ. ಮಲಗಿಸಿ ಹಿಡಿದ ಕೂಸಿಗೆ "ಸಾಕು" ಅನ್ನುವ ಹಕ್ಕೇ ಇಲ್ಲ, ನೋಡಿ. ಹೆಸರುಬೇಳೆ ಕಿಚಡಿಯನ್ನು ತಾನೇ ಹಿಸುಕಿ, ಮೂಗಿಗೂ ಕಿವಿಗೂ ಬಳಿದುಕೊಂಡು, ಅದರಲ್ಲಿ ನಾಲ್ಕು ಅಗುಳು ಬಾಯಿಗೆ ಸೇರಿಸಿದ ದಿನ ನನ್ನ ಮಗನ ಮುಖ ನೋಡಬೇಕಿತ್ತು. ಜಾತ್ರೆಯಲ್ಲಿ ಕುಸ್ತಿ ಗೆದ್ದವರ ಹಾಗಿತ್ತು!

ಹಾಗಾಗಿ ನೆಟ್ಟಗೆ ಕೂರಿಸುವ ಆಸನ ಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಯಾವ ಎತ್ತರದ್ದು ಅನ್ನುವುದೇ ಪ್ರಶ್ನೆ. ಅಂಗಡಿಯವರು ಕೇಳುವುದು "ಕೂಸಿಗೆ ಎಷ್ಟ ತಿಂಗಳ್ರೀ?" ಅಂತ. ನಾನಾದರೆ ಕೇಳುವುದು "ಉಣಿಸಾವ್ರು ಯಾರ್ರೀ, ಅವರ ಮೊಣಕಾಲ ಹೆಂಗದಾವ್ರೀ?" ಅಂತ. ನಗಬೇಡಿ. ಕೂಸು ಎಲ್ಲಿ ಕೂರಿಸಿದರೂ ಕೂರುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ವರ್ಷ ಒಂದೂವರೆ ವರ್ಷ ಅದರ ಎದುರು ಕೂರಬೇಕಾದವರು ನಾವು. ಉಣಿಸುವವರಿಗೆ ಒಗ್ಗದ ಕುರ್ಚಿಯನ್ನು ಎಷ್ಟೇ ದುಡ್ಡು ಕೊಟ್ಟು ತಂದರೂ ಅದು ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಗುತ್ತದೆ.

ನೆಲದ ಮೇಲೆ ಆರಾಮಾಗಿ ಚಕ್ಕಂಬಕ್ಕಳ ಹಾಕಿ ಕೂರುವ ತಾಯಿಯಾದರೆ ಕೂಸಿನ ಕುರ್ಚಿಯೂ ತಗ್ಗಿನದೇ ಇರಲಿ. ಉಣಿಸುವವರು ಮೊಣಕಾಲು ನೋವಿನ ಅಜ್ಜಿಯಾದರೆ, ಸಿಸೇರಿಯನ್ ಆಗಿ ನೆಲಕ್ಕೆ ಕೂತು ಏಳಲು ಬಾರದ ಬಾಣಂತಿಯಾದರೆ, ಆಗ ಎತ್ತರದ ಕುರ್ಚಿಯೇ ಸರಿ. ಅವರು ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಾಗ ಕೂಸಿನ ಬಾಯಿ ಅವರ ಎದೆ ಮಟ್ಟಕ್ಕೆ ಬರಬೇಕು. ನಮ್ಮ ಮನೆಯಿಂದ ಹೊರಬಿದ್ದ ಆ ಹೈಚೇರು ಕುಂದಗೋಳದ ನನ್ನ ತವರಿಗೆ ಹೋಯಿತು. ಅಲ್ಲಿ ಹೊಸ ಮನೆ, ಸಪಾಟು ನೆಲ. ಅಣ್ಣ ಮೊದಲು ಮಾಡಿದ ಕೆಲಸ ಅಂದರೆ ನಾಲ್ಕೂ ಚಕ್ರ ಕಿತ್ತು, ಕಾಲಿಗೆ ರಬ್ಬರ್ ಬುಶ್ ಹಾಕಿ, ನಾಲ್ಕೂ ನೆಲಕ್ಕೆ ಸಮ ಕೂರುತ್ತವೆಯೇ ಅಂತ ನೋಡಿದ್ದು. ನಮ್ಮವ್ವನಿಗೆ ನೆಲಕ್ಕೆ ಕೂರಲಾಗದೆ ಐದಾರು ವರ್ಷವಾಗಿತ್ತು. ಮೊಮ್ಮಗಳಿಗೆ ಉಣಿಸಬೇಕೆಂಬ ಆಸೆ ಇದ್ದರೂ ಸೊಸೆಯನ್ನೇ ಕರೆಯಬೇಕಿತ್ತು. ಆ ಕುರ್ಚಿ ಬಂದ ಮೇಲೆ ಮಧ್ಯಾಹ್ನದ ಊಟ ಪೂರಾ ಅವ್ವನ ಪಾಲಿಗೆ. "ನನ್ನ ಕೈಯಾಗ ಒಂದ ಕೆಲಸ ಉಳೀತು ನೋಡವಾ" ಅಂತ ಫೋನಿನಲ್ಲಿ ಹೇಳಿದಾಗ ನನಗೆ ಕಣ್ಣು ತುಂಬಿ ಬಂತು. ನಮ್ಮಲ್ಲಿ ಅನಾಹುತ ಮಾಡಲು ಹೊರಟಿದ್ದ ಅದೇ ಕುರ್ಚಿ!

ಎತ್ತರದ್ದೇ ಕೊಳ್ಳುವುದಾದರೆ

ಹುಬ್ಬಳ್ಳಿಯ ಕೊಪ್ಪಿಕರ್ ರೋಡಿಗೋ ದುರ್ಗದಬೈಲಿಗೋ ಹೋದಾಗ ಅಂಗಡಿಯವರು ಮೊದಲು ತೋರಿಸುವುದು ಬಣ್ಣ, ದಿಂಬು, ಆಟಿಕೆ. ನೀವು ಅದರ ಕಾಲು ನೋಡಿ. ಮೇಲಿನ ಆಸನಕ್ಕಿಂತ ಕೆಳಗಿನ ಕಾಲುಗಳು ಚೆನ್ನಾಗಿ ಅಗಲಿಸಿ ನಿಂತಿರಬೇಕು. ತಟ್ಟೆಯ ಅಂಚನ್ನು ಹಿಡಿದು ಕೆಳಕ್ಕೆ ಒತ್ತಿ, ಬೆನ್ನಿಗೆ ಕೈ ಕೊಟ್ಟು ಹಿಂದಕ್ಕೆ ದಬ್ಬಿ, ಪಕ್ಕಕ್ಕೆ ಅಲುಗಾಡಿಸಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ. ಮನೆಯಲ್ಲಿ ಕೂಸು ಇದಕ್ಕಿಂತ ಜೋರಾಗಿ ಒದೆಯುತ್ತದೆ.

ಇನ್ನು ಬೆಲ್ಟು. ಮುಂದೆ ತಟ್ಟೆ ಇದೆಯಲ್ಲ, ಬೀಳುವುದಿಲ್ಲ ಅಂದುಕೊಳ್ಳುವುದೇ ದೊಡ್ಡ ತಪ್ಪು. ತಟ್ಟೆ ಅನ್ನ ಇಡಲಿಕ್ಕೆ, ಕೂಸನ್ನು ಹಿಡಿಯಲಿಕ್ಕಲ್ಲ. ಕೂಸು ತಟ್ಟೆಯ ಕೆಳಗಿನಿಂದ ಜಾರುತ್ತದೆ, ಇಲ್ಲವೇ ಆಸನದ ಮೇಲೆ ಎದ್ದು ನಿಲ್ಲುತ್ತದೆ. ಸೊಂಟಕ್ಕೆ ಬರುವ ಪಟ್ಟಿಯ ಜೊತೆ ಎರಡು ಕಾಲಿನ ನಡುವೆ ಬರುವ ಪಟ್ಟಿ ಇರಲೇಬೇಕು. ಎರಡೂ ಹೆಗಲ ಮೇಲೆ ಬರುವ ಐದು ಕಡೆಯ ಪಟ್ಟಿಯಾದರೆ ಇನ್ನೂ ಒಳ್ಳೆಯದು. ಇದೇನು ನನ್ನ ಒಬ್ಬಳ ಹಟವಲ್ಲ. ಅಮೆರಿಕದಲ್ಲಿ ಮಕ್ಕಳು ಹೈಚೇರಿನಿಂದ ಬಿದ್ದು ಆಸ್ಪತ್ರೆಗೆ ಬರುವುದು ಕಂಡು, 2018ರಲ್ಲಿ ಈ ಕುರ್ಚಿಗಳಿಗೆಂದೇ ಕಡ್ಡಾಯ ಸುರಕ್ಷತಾ ನಿಯಮ ಮಾಡಿದರು, ಅದು 2019ರ ಜೂನ್‌ನಲ್ಲಿ ಜಾರಿಗೆ ಬಂತು. ಅಷ್ಟು ತಿಳಿದವರ ದೇಶದಲ್ಲೂ ಬೀಳುತ್ತವೆ ಅಂದಮೇಲೆ ಫರಸಿ ಕಲ್ಲಿನ ನೆಲದವರು ನಾವು ಎಷ್ಟು ಎಚ್ಚರ ಇರಬೇಕು?

ಕಾಲಿಡುವ ಪಟ್ಟಿಯನ್ನು ನಮ್ಮ ಕಡೆ ಯಾರೂ ಗಮನಿಸುವುದಿಲ್ಲ. ನೀವೇ ಒಂದು ಎತ್ತರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಊಟ ಮಾಡಿ ನೋಡಿ, ಹತ್ತು ನಿಮಿಷಕ್ಕೆ ಒದ್ದಾಡುತ್ತೀರಿ. ಕೂಸೂ ಅಷ್ಟೇ. ಪಾದಕ್ಕೆ ಆಸರೆ ಸಿಕ್ಕರೆ ಮೈ ಗಟ್ಟಿಯಾಗಿ ನಿಲ್ಲುತ್ತದೆ, ಗಮನ ಊಟದ ಕಡೆ ಇರುತ್ತದೆ. ನಾರ್ವೆ ದೇಶದ ಪೀಟರ್ ಓಪ್ಸ್ವಿಕ್ ಎಂಬ ವಿನ್ಯಾಸಕಾರ 1972ರಲ್ಲಿ 'ಟ್ರಿಪ್ ಟ್ರ್ಯಾಪ್' ಅನ್ನುವ ಮರದ ಕುರ್ಚಿ ಮಾಡಿದ್ದು ಇದೇ ಯೋಚನೆಯಿಂದ. ಕೂಸು ಬೆಳೆದಂತೆ ಆಸನವನ್ನೂ ಕಾಲಿಡುವ ಹಲಗೆಯನ್ನೂ ಮೇಲೆ ಕೆಳಗೆ ಮಾಡಬಹುದು. ಅದನ್ನು ನಾವು ಕೊಳ್ಳುವುದು ದೂರದ ಮಾತು, ಬಿಡಿ. ಆದರೆ ಕಾಲಿಗೆ ಆಸರೆ ಬೇಕೆಂಬ ಬುದ್ಧಿಯನ್ನು ಕೊಳ್ಳಲು ದುಡ್ಡು ಬೇಕಿಲ್ಲವಲ್ಲ. ಇರುವ ಕುರ್ಚಿಗೇ ಒಂದು ಅಡ್ಡಪಟ್ಟಿ ಬಿಗಿಸಿದರಾಯಿತು.

ಮೆತ್ತನೆಯ ದಿಂಬಿನ ಬಗ್ಗೆ ಒಂದು ಮಾತು. ಅದನ್ನು ನೋಡಿ ಮರುಳಾಗಬೇಡಿ ಅಕ್ಕಂದಿರೇ! ಬೆಲ್ಲ ಹಾಕಿದ ಗಂಜಿ, ಬಾಳೆಹಣ್ಣು, ಹಾಲಿನಲ್ಲಿ ನೆನೆಸಿದ ರೊಟ್ಟಿ ಎಲ್ಲಾ ಆ ಹೊಲಿಗೆಯ ಸಂದಿಗೆ ಇಳಿಯುತ್ತದೆ. ಮರುದಿನ ಬೆಳಗ್ಗೆ ಇರುವೆಯ ಸಾಲು. ದಿನಾ ಒಗೆಯಬೇಕು. ನಮ್ಮ ಭಾಗದ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಕಳಸಾ-ಬಂಡೂರಿ ನೀರಿಗಾಗಿ 2015ರಿಂದ ಧರಣಿ ಕೂತ ಸೀಮೆ ನಮ್ಮದು. ನಳದಲ್ಲಿ ನೀರು ಬಂದ ದಿನವೇ ಹಬ್ಬ. ಕುಡಿಯುವ ನೀರು ತುಂಬುವುದೋ, ಕುರ್ಚಿಯ ದಿಂಬು ಒಗೆಯುವುದೋ? ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿದರೆ ಸ್ವಚ್ಛವಾಗುವ, ಸಂದಿಗೊಂದಿ ಇಲ್ಲದ ನುಣುಪಾದ ಆಸನವೇ ನಮಗೆ ಸರಿ. ತಟ್ಟೆ ಬಿಚ್ಚಿ ತೊಳೆಯಲು ಬರಬೇಕು, ಅದೂ ಒಂದೇ ಕೈಯಿಂದ. ಯಾಕೆಂದರೆ ಇನ್ನೊಂದು ಕಂಕುಳಲ್ಲಿ ಯಾವಾಗಲೂ ಕೂಸು ಇರುತ್ತದೆ. ಕೆಳಗೆ ಹಾಸಲು ಹಳೆಯ ಸೀರೆಯ ತುಂಡು ಸಾಕು. ನಮ್ಮ ನೆರೆಮನೆಯವರು ಬಂದವರಿಗೆ ತೋರಿಸಲು ಅಂತ ನವಲಗುಂದದ ಜಮಖಾನ ಹಾಸಿ ಅದರ ಮೇಲೆ ಕುರ್ಚಿ ಇಟ್ಟಿದ್ದರು. ಹೆಣ್ಣುಮಕ್ಕಳು ತಿಂಗಳುಗಟ್ಟಲೆ ಮಗ್ಗದ ಮುಂದೆ ಕೂತು ನೇಯ್ದ ಆ ಚೆಂದದ ನವಿಲಿನ ಮೇಲೆ ಪುಷ್ಟಿ ಹಿಟ್ಟಿನ ಗಂಜಿ ಬಿದ್ದದ್ದು ನೋಡಿ ನನಗೇ ಸಂಕಟವಾಯಿತು.

ಮನೆಗೆ ತಂದ ಮೇಲೆ ಅದನ್ನು ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. ಒಲೆ, ಗ್ಯಾಸ್ ಕಟ್ಟೆ, ಬಿಸಿ ಸಾರಿನ ಪಾತ್ರೆ ಕೂಸಿನ ಕೈಗೆ ಸಿಗಬಾರದು. ಕಂಬ, ಗೋಡೆ, ಟೇಬಲ್ ಕಾಲಿಗೆ ಸಿಗಬಾರದು. ಯಾಕೆ ಅಂತ ನಮ್ಮ ಅತ್ತೆಯ ಹೆಬ್ಬೆರಳನ್ನು ಕೇಳಿ! ಮಿಕ್ಸಿಯ ವೈರು, ಫೋನ್ ಚಾರ್ಜರಿನ ವೈರು ಹತ್ತಿರ ನೇತಾಡುತ್ತಿರಬಾರದು. ಇದೇ ಕುರ್ಚಿ ವಾಕರೂ ಆಗುತ್ತದೆ, ಜೋಕಾಲಿಯೂ ಆಗುತ್ತದೆ ಅಂತ ಮೂರು ವೇಷ ತೋರಿಸಿದರೆ ಕೈ ಮುಗಿದು ಬನ್ನಿ. ಚಕ್ರದ ವಾಕರಿನ ಅನಾಹುತ ನೋಡಿ ನೋಡಿ ಕೆನಡಾ ದೇಶದವರು 2004ರಲ್ಲೇ ಅದರ ಮಾರಾಟ ನಿಲ್ಲಿಸಿದ್ದಾರೆ. ನಮ್ಮಲ್ಲಿ ಇನ್ನೂ ನಾಮಕರಣದ ಉಡುಗೊರೆಯಾಗಿ ಬರುತ್ತದೆ.

ನಮ್ಮೂರ ಬಡಿಗ್ಯಾರು ಮಾಡಿದ್ದು

ಹೈಚೇರು ತವರಿಗೆ ಹೋದ ಮೇಲೆ ಮಗನಿಗೆ ಏನು ಮಾಡುವುದು? ಅತ್ತೆಯೇ ಬಡಿಗ್ಯಾರನ್ನು ಕರೆಸಿದರು. ಮನೆಯಲ್ಲಿ ಹಳೆಯ ಸಾಗವಾನಿ ಕಿಟಕಿಯ ಹಲಗೆ ಇದ್ದವು. ಗೇಣು ಹಾಕಿ ಕೂಸನ್ನೇ ಅಳೆದು, ನೆಲದಿಂದ ಆರು ಇಂಚು ಎತ್ತರಕ್ಕೆ ಆಸನ ಮಾಡಿದರು, ಪಾದ ನೆಲಕ್ಕೆ ತಾಗುವ ಹಾಗೆ. ಬೆನ್ನಿಗೆ ಹದಿನಾಲ್ಕು ಇಂಚಿನ ಹಲಗೆ, ಎರಡು ಪಕ್ಕಕ್ಕೂ ತೋಳು. ಕೆಳಗಿನ ಚೌಕಟ್ಟು ಆಸನಕ್ಕಿಂತ ಎಲ್ಲಾ ಕಡೆ ನಾಲ್ಕು ಬೆರಳು ಹೊರಗೆ ಚಾಚಿತ್ತು. ಮುಂದೆ ಜಾರಿಸಿ ತೆಗೆಯುವ ಹಲಗೆಯ ತಟ್ಟೆ, ಕೆಳಗೆ ಬಿದ್ದು ಒಡೆಯುವ ಚಿಂತೆಯೇ ಇಲ್ಲ. ಬೆಲ್ಟಿನ ಮಾತು ಎತ್ತಿದಾಗ ಅವರು, "ಕೂಸಿನ ಕಟ್ಟಿ ಹಾಕ್ತೀರೇನ್ರೀ ಅಕ್ಕಾರ, ಅದೇನ ಕರಾನ?" ಅಂದರು. ಕರುವಾದರೆ ಬಿದ್ದರೂ ಎದ್ದು ನಿಲ್ಲುತ್ತದೆ, ಇದು ತಲೆ ಒಡೆದುಕೊಳ್ಳುತ್ತದೆ ಅಂದೆ. ಹಳೆಯ ಶಾಲೆ ಚೀಲದ ಪಟ್ಟಿ, ಬಕಲು ತೆಗೆದು ಟೇಲರ್ ಅಣ್ಣನ ಹತ್ತಿರ ಐದು ಕಡೆಯ ಬೆಲ್ಟು ಹೊಲಿಸಿದೆ. ಬಡಿಗ್ಯಾರ ಕೂಲಿ 600 ರೂಪಾಯಿ, ಟೇಲರಿಗೆ 60. ಬಣ್ಣ ಹಚ್ಚಿಸಲಿಲ್ಲ. ಹಲ್ಲು ಬರುವ ಕಾಲಕ್ಕೆ ಕೂಸು ಮೊದಲು ಕಡಿಯುವುದು ತಟ್ಟೆಯ ಅಂಚನ್ನೇ. ಮೂಲೆಗಳನ್ನೆಲ್ಲ ಉಜ್ಜಿ ದುಂಡಗೆ ಮಾಡಿಸಿ, ಸಿಬಿರು ಏಳದ ಹಾಗೆ ಕಾಗದ ಹಾಕಿ ತಿಕ್ಕಿಸಿ, ಕೊಬ್ಬರಿ ಎಣ್ಣೆ ಸವರಿದೆವು.

ಮೊದಲ ದಿನ ಪಂಕ್ತಿಯಲ್ಲಿ ಮಾವನ ಪಕ್ಕ ಅದನ್ನಿಟ್ಟು ಮಗನನ್ನು ಕೂರಿಸಿದೆವು. ಎಲ್ಲರ ತಾಟು ಅವನಿಗೆ ಕಾಣುತ್ತಿತ್ತು, ಅವನ ತಟ್ಟೆ ನಮಗೆ ಕಾಣುತ್ತಿತ್ತು. ಮಾವ ರೊಟ್ಟಿ ಮುರಿದರೆ ಅವನೂ ಗಾಳಿಯಲ್ಲಿ ಏನನ್ನೋ ಮುರಿಯುತ್ತಿದ್ದ. ಉಣಿಸುವ ಕೆಲಸ ನನ್ನೊಬ್ಬಳದಾಗಿದ್ದು ಅವತ್ತಿನಿಂದ ನಾಲ್ಕು ಜನರದಾಯಿತು. ಪಕ್ಕದಲ್ಲಿ ಕೂತವರು ಒಂದು ತುತ್ತು, ಎದುರಿಗಿದ್ದವರು ಒಂದು ತುತ್ತು. ನಾನು ಬಿಸಿ ರೊಟ್ಟಿ ಬಿಸಿ ಇರುವಾಗಲೇ ತಿಂದೆ, ಹೆರಿಗೆಯಾದ ಮೇಲೆ ಮೊದಲ ಸಲ.

ತಗ್ಗಿನ ಕುರ್ಚಿಯಾದರೆ ಅಪಾಯವೇ ಇಲ್ಲ ಅಂತಲ್ಲ. ನೆಲಕ್ಕೆಂದು ಮಾಡಿದ್ದನ್ನು ನೆಲದ ಮೇಲೇ ಇಡಬೇಕು. ಮಂಚದ ಮೇಲೆ, ಕಟ್ಟೆಯ ಮೇಲೆ, ಟೇಬಲ್ ಮೇಲೆ ಇಟ್ಟು "ಇಲ್ಲೇ ಅದೀನಲ್ಲ" ಅಂದರೆ ಮುಗಿಯಿತು. ದಕ್ಷಿಣ ಆಫ್ರಿಕಾದ ಕಂಪನಿಯೊಂದರ ಕೂಸಿನ ನೆಲದ ಆಸನ ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಾಟವಾಗಿತ್ತು. ಜನ ಅದನ್ನು ಟೇಬಲ್ಲಿನ ಮೇಲಿಟ್ಟು ಕೂಸುಗಳು ಬಿದ್ದು ತಲೆಗೆ ಪೆಟ್ಟಾಗಿ, 2007ರಲ್ಲಿ ಎತ್ತರದ ಮೇಲೆ ಇಡಬೇಡಿ ಎಂಬ ಎಚ್ಚರಿಕೆ ಸೇರಿಸಬೇಕಾಯಿತು, 2012ರಲ್ಲಿ ಬೆಲ್ಟನ್ನೂ ಕೊಡಬೇಕಾಯಿತು. ಇಟ್ಟ ಜಾಗವೇ ತಪ್ಪಾದರೆ ಯಾವ ಆಸನವೂ ಕಾಯುವುದಿಲ್ಲ.

ನನಗೊಂದು ಆಸೆ ಇದೆ, ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಕಲಘಟಗಿ ತೊಟ್ಟಿಲು ಅಂದರೆ ಎಲ್ಲಿಯವರಿಗೂ ಗೊತ್ತು. ಅರಗಿನ ಬಣ್ಣದಲ್ಲಿ ರಾಮಾಯಣ, ಮಹಾಭಾರತ, ಕೃಷ್ಣನ ಬಾಲಲೀಲೆ ಬರೆದ ಆ ತೊಟ್ಟಿಲು. ನಟ ಅಂಬರೀಶ್ ಅವರು ಯಶ್ ಮತ್ತು ರಾಧಿಕಾ ಪಂಡಿತ್ ಅವರ ಮಗುವಿಗೆಂದು ಹೇಳಿ ಮಾಡಿಸಿದ್ದೂ ಕಲಘಟಗಿಯ ತೊಟ್ಟಿಲನ್ನೇ. 2018ರ ನವೆಂಬರಿನಲ್ಲಿ ಅವರು ತೀರಿಕೊಂಡರು, ಮಗು ಹುಟ್ಟಿದ್ದು ಡಿಸೆಂಬರಿನಲ್ಲಿ, ತೊಟ್ಟಿಲು ಆಮೇಲೆ ಆ ಮನೆ ಸೇರಿತು. ಪೇಪರಿನಲ್ಲಿ ಓದಿದಾಗ ನಮ್ಮ ಓಣಿಯ ಹೆಂಗಸರೆಲ್ಲ ಕಣ್ಣು ಒರೆಸಿಕೊಂಡಿದ್ದೆವು. ತೊಟ್ಟಿಲಿಗೆ ಅಷ್ಟು ಚೆಂದದ ಕೈ ಇರುವ ಊರಿನವರು ಉಣ್ಣುವ ಕುರ್ಚಿಯನ್ನೂ ಯಾಕೆ ಮಾಡಬಾರದು? ತಗ್ಗಿನದು, ಅಗಲ ಬುಡದ್ದು, ಬೆಲ್ಟು ಹಾಕಲು ಸಂದಿ ಬಿಟ್ಟದ್ದು. ಚಿತ್ರ ಬೆನ್ನಿನ ಹಿಂಬದಿಗೆ ಇರಲಿ, ಬಾಯಿಗೆ ಸಿಗುವ ಕಡೆ ಬರೀ ಮರ. ತೊಟ್ಟಿಲಿನಲ್ಲಿ ಕೂಸು ಮಲಗುವುದು ಕೆಲವು ತಿಂಗಳು. ಕುರ್ಚಿಯಲ್ಲಿ ಎರಡು ವರ್ಷದವರೆಗೂ ಕೂರುತ್ತದೆ. ಉಡುಗೊರೆ ಕೊಡುವವರು ಪ್ಲಾಸ್ಟಿಕ್ ವಾಕರ್ ಬಿಟ್ಟು ಇದನ್ನು ಕೊಟ್ಟರೆ ಬಡಿಗ್ಯಾರ ಮನೆಯ ಒಲೆಯೂ ಉರಿಯುತ್ತದೆ.

ಕುರ್ಚಿ ಆಯಾ ಅಲ್ಲ

ಈಗ ಹೇಳುವುದು ಸ್ವಲ್ಪ ಖಾರವಾದೀತು. ನಮ್ಮ ತಗ್ಗಿನ ಕುರ್ಚಿ ನೋಡಿ ಓಣಿಯಲ್ಲಿ ಇನ್ನೂ ಮೂರು ಮನೆಯವರು ಮಾಡಿಸಿಕೊಂಡರು. ನನಗೆ ಹೆಮ್ಮೆಯೇ ಆಗಿತ್ತು. ಒಂದು ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಆ ಪೈಕಿ ಒಂದು ಮನೆಗೆ ಮಜ್ಜಿಗೆ ಕೊಡಲು ಹೋದೆ. ಹತ್ತಿ ಬಿಡಿಸುವ ಸುಗ್ಗಿ, ದೊಡ್ಡವರೆಲ್ಲ ಹೊಲಕ್ಕೆ ಹೋಗಿದ್ದರು. ಕುರ್ಚಿಯಲ್ಲಿ ಒಂಬತ್ತು ತಿಂಗಳ ಕೂಸು ಬೆಲ್ಟು ಹಾಕಿಸಿಕೊಂಡು ಕೂತಿದೆ, ಕಣ್ಣೀರು ಸಿಂಬಳ ಒಣಗಿ ಕೆನ್ನೆ ಬಿಗಿದಿದೆ. ಎದುರಿಗೆ ಅದರ ಅಕ್ಕ, ನಾಲ್ಕನೇ ಇಯತ್ತೆಯ ಹುಡುಗಿ, ಚಮಚ ಹಿಡಿದು ಕೂತಿದ್ದಾಳೆ. "ಸಾಲಿಗೆ ಹೋಗಿಲ್ಲೇನ ಪುಟ್ಟಿ?" ಅಂದೆ. "ಅವ್ವ ಅಂದಾಳ್ರೀ, ಈಗ ಕುರ್ಚಿ ಐತಲ್ಲ, ನೀನ ಉಣಸ್ತಿ ಅಂತ" ಅಂದಳು. ತಟ್ಟೆಯಲ್ಲಿ ಹುರಿದ ಶೇಂಗಾ ಇದ್ದವು, ಇಡೀ ಇಡೀ ಕಾಳು. ಕೂಸು ಅಳಬಾರದು ಅಂತ ಪಾಪ ಅವಳು ತನ್ನ ಪಾಲಿನದು ಕೊಡುತ್ತಿದ್ದಳು.

ನಾನು ಮೊದಲು ಆ ಶೇಂಗಾ ತೆಗೆದೆ. ಇಡೀ ಶೇಂಗಾ, ಕಡಲೆಕಾಳು, ಇಡೀ ದ್ರಾಕ್ಷಿ ಸಣ್ಣ ಕೂಸಿನ ಗಂಟಲಿಗೆ ಬೆಣೆ ಹೊಡೆದ ಹಾಗೆ ಕೂರುತ್ತವೆ. ಆ ಹತ್ತು ವರ್ಷದ ಹುಡುಗಿ ಆಗ ಏನು ಮಾಡಬೇಕಿತ್ತು?

ಅವಳ ಅವ್ವನನ್ನು ಬೈಯುವುದು ಸುಲಭ. ನಾನು ಬೈಯಲಿಲ್ಲ, ಬೈಯುವ ಯೋಗ್ಯತೆಯೂ ನನಗಿಲ್ಲ. ಲಾಕ್ ಹಾಕದೆ ಗಂಜಿ ನೋಡಲು ಎದ್ದು ಹೋದವಳಲ್ಲವೇ ನಾನು? ನನ್ನ ಹಿಂದೆ ಅತ್ತೆಯ ಕಾಲಿತ್ತು, ಆಕೆಯ ಹಿಂದೆ ಯಾರೂ ಇರಲಿಲ್ಲ. ಹತ್ತಿ ಬಿಡಿಸುವ ನಾಲ್ಕು ವಾರದ ಕೂಲಿ ಬಿಟ್ಟರೆ ಆ ಮನೆಗೆ ವರ್ಷವೇ ತಪ್ಪುತ್ತದೆ. ಆದರೆ ಒಂದು ಮಾತು ಮಾತ್ರ ಬಿಡದೆ ಹೇಳುತ್ತೇನೆ. ಕುರ್ಚಿ ಕೂಸನ್ನು ಕೂರಿಸುತ್ತದೆ, ನೋಡಿಕೊಳ್ಳುವುದಿಲ್ಲ. ಅದರಲ್ಲಿ ಕೂತ ಕೂಸಿನಿಂದ ಒಂದು ಕೈಯಳತೆಯಲ್ಲಿ ತಿಳಿವಳಿಕೆ ಇರುವ ದೊಡ್ಡವರೊಬ್ಬರು ಇರಲೇಬೇಕು, ಊಟ ಮುಗಿದ ಕೂಡಲೇ ಎತ್ತಿ ಇಳಿಸಬೇಕು. ಬೆಲ್ಟು ಇರುವುದು ಉಣ್ಣುವ ಅರ್ಧ ತಾಸಿಗೆ. ಹೊಲದಿಂದ ತಾಯಿ ಬರುವ ತನಕ ಕಟ್ಟಿ ಕೂರಿಸಲಿಕ್ಕಲ್ಲ. ಮತ್ತೆ ಅಕ್ಕನ ಶಾಲೆ ಬಿಡಿಸಿ ಆ ದೊಡ್ಡವರ ಜಾಗ ತುಂಬಬಾರದು.

ಹಾಗಾದರೆ ಯಾರು ನೋಡಬೇಕು? ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಕೂಸುಗಳಿಗೆಂದು 2023ರಲ್ಲಿ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತ್ತು. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಇದ್ದರೆ ಬಾಗಿಲು ತೆರೆದಿದೆಯೇ ಅಂತ ಹೋಗಿ ಕೇಳಿ. ಒಬ್ಬರೇ ಹೋದರೆ "ನಾಳೆ ಬರ್ರೀ" ಅನ್ನುತ್ತಾರೆ. ಸ್ವಸಹಾಯ ಸಂಘದವರು ಹತ್ತು ಜನ ಒಟ್ಟಿಗೆ ಹೋದರೆ ಕುರ್ಚಿ ಹಾಕಿ ಕೂರಿಸುತ್ತಾರೆ! ನಾವು ಮಾಡಿದ್ದು ಇನ್ನೂ ಸಣ್ಣ ಕೆಲಸ. ಆ ಸುಗ್ಗಿ ಮುಗಿಯುವ ತನಕ ಮಧ್ಯಾಹ್ನದ ಊಟಕ್ಕೆ ಆ ಕೂಸನ್ನು, ಅದರ ಕುರ್ಚಿಯ ಸಮೇತ, ನಮ್ಮ ಪಡಸಾಲೆಗೆ ತಂದುಕೊಂಡೆವು. ಉಳಿದ ಹೊತ್ತಿಗೆ ಇನ್ನೆರಡು ಮನೆಯ ಅಜ್ಜಿಯರು. ಎರಡು ಕುರ್ಚಿ ಎದುರುಬದುರು ಇಟ್ಟರೆ ಕೂಸುಗಳು ಒಂದನ್ನೊಂದು ನೋಡಿ ಪೈಪೋಟಿಯ ಮೇಲೆ ಉಣ್ಣುತ್ತವೆ ಅಂತ ಆಗಲೇ ಗೊತ್ತಾದದ್ದು. ಅಕ್ಕ ಶಾಲೆಗೆ ಹೋದಳು. ಈಗ ಅವಳು ಹೈಸ್ಕೂಲು.

ನನಗೆ ಎರಡನೆಯದು ಮಗಳು. ಅವಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಅಟ್ಟದ ಮೇಲಿದ್ದ ತಗ್ಗಿನ ಕುರ್ಚಿ ಇಳಿಸಿ, ಬಿಸಿನೀರಲ್ಲಿ ತಿಕ್ಕಿ ಬಿಸಿಲಿಗಿಟ್ಟೆ. ಅತ್ತೆ ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, "ಆ ಎತ್ತರದ್ದು ನಿಮ್ಮ ತವರಮನ್ಯಾಗ ಇನ್ನೂ ಐತೇನವಾ?" ಅಂದರು. ನನಗೆ ಅರ್ಥವಾಗಲಿಲ್ಲ. "ನನಗೂ ಈಗ ನೆಲಕ್ಕ ಕುಂದ್ರಾಕ ಆಗವಲ್ದು. ಮೊಣಕಾಲ ಹಿಡಕೊಂಡಾವ" ಅಂದರು. ಯಾವಾಗಿನಿಂದಲೋ ನೋವಿತ್ತಂತೆ, ಹೇಳಿರಲಿಲ್ಲ.

ಮರುವಾರ ಅಣ್ಣ ಬೈಕಿನ ಹಿಂದೆ ಕಟ್ಟಿಕೊಂಡು ತಂದುಕೊಟ್ಟ. ಚಕ್ರ ಇಲ್ಲ, ರಬ್ಬರ್ ಬುಶ್ ಮಾತ್ರ. ಪಡಸಾಲೆಯ ಇಳಿಜಾರಿನಲ್ಲಿ ಬೇಡವೆಂದು ನಡುಮನೆಯ ಸಪಾಟು ಜಾಗದಲ್ಲಿ ಇಟ್ಟಿದ್ದೇವೆ, ಸುತ್ತ ಕಂಬವಿಲ್ಲ, ಗೋಡೆ ದೂರ. ಮಧ್ಯಾಹ್ನ ಅತ್ತೆ ಕುರ್ಚಿಯಲ್ಲಿ, ಮೊಮ್ಮಗಳು ಕುರ್ಚಿಯಲ್ಲಿ. ರಾತ್ರಿ ಎಲ್ಲರ ಜೊತೆ ಪಂಕ್ತಿಯಲ್ಲಿ ತಗ್ಗಿನದು. ಮಗಳಿಗೆ ಈಗ ಒಂದೂವರೆ ವರ್ಷ, ಇನ್ನು ಕೆಲವು ತಿಂಗಳಿಗೆ ಎರಡೂ ಖಾಲಿಯಾಗುತ್ತವೆ. ಎತ್ತರದ್ದನ್ನು ಅಣ್ಣಿಗೇರಿಯ ನಾದಿನಿ ಆಗಲೇ ಕೇಳಿಟ್ಟಿದ್ದಾಳೆ, ಅವಳಿಗೆ ಸಿಸೇರಿಯನ್ ಆಗಿದೆ. ಕಳಿಸುವ ಮುಂಚೆ ಅದರ ಬಕಲು ಬದಲಾಯಿಸಬೇಕು, ಒತ್ತಿದರೆ ಟಕ್ ಅನ್ನುವುದು ನಿಂತು ಹದಿನೈದು ದಿನವಾಯಿತು.